ನೂರಿಪ್ಪತ್ತೈದು ರೂಪಾಯಿಯ ದಿನ

ತಾಯಿ ಬ್ಯಾಂಕಿನ ಕ್ಯಾಲೆಂಡರಿಗೆ ಕೈಮುಗಿಯುವುದನ್ನು ವೈಶಾಲಿ ಇವತ್ತೂ ನೋಡಿದಳು, ಇವತ್ತೂ ಏನೂ ಹೇಳಲಿಲ್ಲ. ದಾನವ್ವ ಬಚ್ಚಲ ಮೋರಿಯಲ್ಲಿ ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು, ಬೆರಳ ತುದಿಯಿಂದ ಗೋಡೆ ಸವರುತ್ತ ಮೂರು ಹೆಜ್ಜೆ ಬಂದು, ಬಾಗಿಲಿಗೆ ಎದುರಾದ ಮೊಳೆಯ ಮುಂದೆ ನಿಂತು ತಲೆ ಬಾಗಿಸಿದಳು. ಆ ಮೊಳೆಯಲ್ಲಿ ಒಂಬತ್ತು ತಿಂಗಳ ಹಿಂದಿನವರೆಗೆ ಬಾಬಾಸಾಹೇಬರ ಫೋಟೋ ಇತ್ತು. ವಡಾಲದ ಒಂದೇ ಕೋಣೆಯ ಖೋಲಿಯಿಂದ ಬೊರಿವಲಿಗೆ ಬರುವಾಗ ಟೆಂಪೋದಲ್ಲಿ ಹಾಕಲು ಒಪ್ಪದೆ ದಾನವ್ವ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಈಗ ಅಲ್ಲಿ ಮನೆಸಾಲ ಕೊಟ್ಟ ಬ್ಯಾಂಕಿನ ಕ್ಯಾಲೆಂಡರು, ಅದರೊಳಗೆ ಹಸಿರು ಹುಲ್ಲಿನ ಮೇಲೆ ಹಲ್ಲು ಬಿಟ್ಟುಕೊಂಡು ನಿಂತ ಗಂಡ, ಹೆಂಡತಿ, ಎರಡು ಮಕ್ಕಳು. ಫೋಟೋ ತೆಗೆದವಳು ವೈಶಾಲಿಯೇ. ರೊಟ್ಟಿ ಒಯ್ಯಲು ಬರುವ ಗಿರಾಕಿಗಳ ಕಣ್ಣು ಮೊದಲು ಬೀಳುವುದೇ ಆ ಗೋಡೆಯ ಮೇಲೆ. ತಾಯಿ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಸ್ಟೂಲು ಹತ್ತಿ ಇಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಕಪಾಟಿನ ಒಳಬದಿಗೆ ಮುಖ ಆಚೆ ಮಾಡಿ ನಿಲ್ಲಿಸಿದ್ದಳು. ತಾಯಿ ಕೇಳಿದರೆ ಇರಲಿ ಎಂದು ಒಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದಳು: ಗಾಜು ಸೀಳಿತ್ತು, ಕಟ್ಟು ಹಾಕಿಸಲು ದಾದರಿಗೆ ಒಯ್ದಿದ್ದೇನೆ. ಆ ಸಂಜೆ ತಾಯಿ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅದೇ ಮೊಳೆಯ ಮುಂದೆ ಬಂದು ಕೈ ಮುಗಿದು, ಹೋಗಿ ಗ್ಯಾಸು ಹಚ್ಚಿದಳು. ತಾಯಿಗೆ ಕಾಣುತ್ತಿಲ್ಲವೆಂದು ವೈಶಾಲಿಗೆ ಖಾತ್ರಿಯಾದದ್ದು ಆವಾಗ. ಅದರ ಬೆನ್ನಿಗೇ, ಸುಳ್ಳು ಹೇಳುವ ಕಷ್ಟ ತಪ್ಪಿತಲ್ಲ ಎಂಬ ಸಮಾಧಾನ. ಆ ಸಮಾಧಾನ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಕೊಂಡಿದೆ, ಯಾವ ಕೆಲಸದಲ್ಲಿದ್ದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ.

ದಾನವ್ವ ನಲವತ್ತನೆಯ ರೊಟ್ಟಿ ಬಡಿದು ಎದ್ದಾಗ ಏಳು ಹೊಡೆದಿತ್ತು. ಆಕೆಗೆ ಹೆಂಚಿನ ಕಾವು ಅಂಗೈಗೆ ಗೊತ್ತು, ರೊಟ್ಟಿಯ ಅಂಚು ಸದ್ದಿನಿಂದ ಗೊತ್ತು. ಗೊತ್ತಾಗದೆ ಹೋದದ್ದು ಬೆರಳ ತುದಿಗಳ ಮೇಲೆ ಕಪ್ಪು ಬೊಬ್ಬೆಯಾಗಿ ಕೂತಿರುತ್ತದೆ. ವೈಶಾಲಿ ದೇವರಿಲ್ಲದ ಆ ಮನೆಯ ಮಸಾಲೆ ಡಬ್ಬಿಗಳ ಸಾಲಿನಿಂದ ವಿಭೂತಿಯ ಗಟ್ಟಿಯನ್ನು ತೆಗೆದು, ನೀರು ಹಚ್ಚಿ ತಿಕ್ಕಿ, ತಾಯಿಯ ಗದ್ದ ಹಿಡಿದು ಮುಖ ಎತ್ತಿದಳು. ದಾನವ್ವ ಜಾವಳಕ್ಕೆ ಕೂತ ಕೂಸಿನ ಹಾಗೆ ಕಣ್ಣು ಮುಚ್ಚಿದಳು. ಮೂರು ಬೆರಳು, ಮೂರು ಗೆರೆ. ಮೊದಲೆಲ್ಲ ತಾಯಿಯೇ ಕನ್ನಡಿ ನೋಡಿ ಹಚ್ಚಿಕೊಳ್ಳುತ್ತಿದ್ದಳು, ಮುಖ ಕಿವುಚಿಕೊಂಡು. ಈಗೀಗ ಗೆರೆ ಸೊಟ್ಟಗಾಗಿ ಒಂದು ಹುಬ್ಬಿನ ಮೇಲೆ ಇಳಿಯತೊಡಗಿದ್ದರಿಂದ ಈ ಕೆಲಸವನ್ನೂ ವೈಶಾಲಿ ತನ್ನ ಬೆಳಗಿನ ಕೆಲಸಗಳಿಗೆ ಸೇರಿಸಿಕೊಂಡಿದ್ದಳು. ಇದೆಲ್ಲ ಶುರುವಾದದ್ದು ಒಂದೇ ಒಂದು ಮಾತಿನಿಂದ. ಪಕ್ಕದ ಗಲ್ಲಿಯ ಬಟ್ಟೆ ವ್ಯಾಪಾರಿ ಗುರುಬಸವಪ್ಪನ ಹೆಂಡತಿ ಮೊದಲ ಸಲ ರೊಟ್ಟಿಗೆ ಬಂದಾಗ, ವಿಜಾಪುರದ ಕಡೆಯವರು ಎಂದು ಕೇಳಿ ಹಿಗ್ಗಿ, ದಾನವ್ವ ಅಂತ ಹೆಸರಂದ್ರ ನಮ್ಮವರ ಇರಬೇಕಲ್ರೀ ಎಂದಿದ್ದಳು. ದಾನವ್ವ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ವೈಶಾಲಿ ಹೌದ್ರಿ ಎಂದುಬಿಟ್ಟಿದ್ದಳು. ಮರುದಿನ ದಾದರಿನಿಂದ ಇಪ್ಪತ್ತು ರೂಪಾಯಿ ಕೊಟ್ಟು ಈ ಗಟ್ಟಿ ತಂದಳು. ನಿಮ್ಮಪ್ಪ ಇದ್ದಿದ್ರ ನಿನ್ನ ಕೈ ಮುರೀತಿದ್ದ ಎಂದಳು ದಾನವ್ವ. ವಡಾಲದ ಗೋದಿಯ ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತು, ಪ್ರತಿ ಡಿಸೆಂಬರ್ ಆರಕ್ಕೆ, ಬಾಬಾಸಾಹೇಬರು ತೀರಿಕೊಂಡ ದಿನಕ್ಕೆ, ಬಿಳಿ ಅಂಗಿ ತೊಟ್ಟು ದಾದರಿಗೆ ನಡೆದೇ ಹೋಗುತ್ತಿದ್ದ ಶಂಕ್ರೆಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು, ಹೀಗಾಗಿ ಕೈ ಮುರಿಯಲಿಲ್ಲ. ಒಬ್ಬಳು ಹೋಗಿ ಇಪ್ಪತ್ತು ಮನೆಗಳಾದವು. ತಿಂಗಳಿಗೆ ಹಿಟ್ಟು, ಗ್ಯಾಸು ಕಳೆದು ಒಂಬತ್ತು ಸಾವಿರ.

ಇವತ್ತು ಸಂಜೆ ಆರಕ್ಕೆ ಗುರುಬಸವಪ್ಪ ಬರುವವನಿದ್ದ. ಮಗಳ ಮದುವೆಗೆ ಎರಡು ಸಾವಿರ ಖಡಕ್ ರೊಟ್ಟಿ, ಒಂದಕ್ಕೆ ಹನ್ನೆರಡರಂತೆ. ಅಡ್ವಾನ್ಸು ಕೊಡುತ್ತೇನೆ ಎಂದು ತಾನೇ ಫೋನು ಮಾಡಿದ್ದ. ಖರ್ಚು ಕಳೆದು ಹದಿನಾರು ಸಾವಿರ ಉಳಿಯುತ್ತದೆ. ವೈಶಾಲಿಯ ಉಳಿತಾಯದ ಖಾತೆಯಲ್ಲಿ ಒಂದು ಲಕ್ಷ ಮೂವತ್ತನಾಲ್ಕು ಸಾವಿರ ಇದೆ. ಸೇರಿದರೆ ಒಂದೂವರೆ ಲಕ್ಷ. ಮೂರು ವರ್ಷದಿಂದ ಆಕೆ ಈ ಒಂದೂವರೆ ಲಕ್ಷದ ಕಡೆಗೆ ತೆವಳುತ್ತಿದ್ದಳು. ಅಡ್ವಾನ್ಸು ತಗೊಂಡು ಆತನ ಮುಂದೆ ಬಾಯಿ ಬಿಡಬ್ಯಾಡ, ಬರೇ ಶರಣು ಅನ್ನು, ಎಂದು ತಾಯಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ದಾನವ್ವ ಕಪಾಟಿನ ಕಡೆ ಮುಖ ಮಾಡಿ ಹೂಂ ಅಂದಳು. ವೈಶಾಲಿ ನಿಂತದ್ದು ಬಾಗಿಲ ಕಡೆ.

ಏಳೂ ನಲವತ್ತರ ಲೋಕಲ್ಲಿನಲ್ಲಿ ನಾಲ್ಕನೆಯ ಸೀಟಿನ ಅಂಚಿಗೆ ಅರ್ಧ ಕುಂಡಿ ಊರಿ ಕೂತಾಗ ಎದುರಿನ ಹುಡುಗಿ ಪುಟ್ಟ ಡಬ್ಬಿಯಿಂದ ಹೆಚ್ಚಿದ ಪಪ್ಪಾಯಿ ತಿನ್ನುತ್ತಿದ್ದಳು; ಸ್ಟೇಷನ್ನಿನ ಹೊರಗೆ ಅದಕ್ಕೆ ಅರವತ್ತು ರೂಪಾಯಿ. ಅರ್ಧ ದಿನ, ಎಂದುಕೊಂಡಳು ವೈಶಾಲಿ. ಯಾವುದನ್ನು ನೋಡಿದರೂ ಆಕೆಗೆ ಈಗ ದಿನಗಳೇ ಕಾಣುತ್ತವೆ. ಬ್ಯಾಂಕಿನಿಂದ ಆ ಪತ್ರ ಬಂದಾಗಿನಿಂದ ಹೀಗೆ. ಬಡ್ಡಿ ಏರಿದೆ, ನಿಮ್ಮ ಅನುಕೂಲಕ್ಕಾಗಿ ತಿಂಗಳ ಹಪ್ತೆಯ ಮೊತ್ತವನ್ನು ಏರಿಸಿಲ್ಲ, ಉಳಿದ ಇನ್ನೂರ ನಾಲ್ಕು ತಿಂಗಳನ್ನು ಇನ್ನೂರ ಎಪ್ಪತ್ತೆರಡು ಮಾಡಲಾಗಿದೆ. ಅರವತ್ತೆಂಟು ತಿಂಗಳು. ಯಾರನ್ನೂ ಕೇಳದೆ, ಬಾಗಿಲು ಬಡಿಯದೆ, ಆಕೆಯ ಬದುಕಿನ ಐದೂವರೆ ವರ್ಷವನ್ನು ಕೊಯ್ದುಕೊಂಡು ಅದಕ್ಕೆ ಅನುಕೂಲ ಎಂದು ಹೆಸರಿಟ್ಟಿದ್ದರು. ಪತ್ರದ ಮೊದಲ ಸಾಲಿನಲ್ಲಿ ಇನ್ನೂ ಗಂಡ ಶಶಿಕಾಂತನ ಹೆಸರೇ; ಆತ ವಾಪಿಯಲ್ಲಿ ಇನ್ನೊಂದು ಸಂಸಾರ ಹೂಡಿ ಏಳು ವರ್ಷವಾಯಿತು, ಆದರೆ ಸಾಲದ ಕಾಗದದಲ್ಲಿ ಗಂಡ ಗಂಡನೇ. ಬ್ಯಾಂಕಿನಲ್ಲಿ ಕೇಳಿದ್ದಕ್ಕೆ ಕೌಂಟರಿನ ಹುಡುಗ ಕ್ಯಾಲ್ಕುಲೇಟರ್ ಒತ್ತಿ, ಒಂದೂವರೆ ಲಕ್ಷ ಒಮ್ಮೆಗೇ ತುಂಬಿದರೆ ನಲವತ್ತು ತಿಂಗಳು ಕಡಿಮೆಯಾಗುತ್ತವೆ ಮೇಡಂ ಎಂದಿದ್ದ. ವೈಶಾಲಿ ಮರಳಿ ಬರುವಾಗ ಟ್ರೇನಿನಲ್ಲೇ ಭಾಗಿಸಿದಳು. ಒಂದು ತಿಂಗಳಿಗೆ ಮೂರು ಸಾವಿರದ ಏಳುನೂರ ಐವತ್ತು. ಒಂದು ದಿನಕ್ಕೆ ನೂರಿಪ್ಪತ್ತೈದು. ಅಲ್ಲಿಂದ ಮುಂದೆ ಲೋಕ ಸರಳವಾಯಿತು. ರಿಕ್ಷಾ ಕಾಲು ದಿನ. ಮಗಳು ಶೀತಲಳ ಶಾಲೆಯ ಪಿಕ್ನಿಕ್ಕು ಒಂಬತ್ತು ದಿನ. ಅದರ ಬದಲು ಆಕೆಗೆ ಜ್ವರ ಬಂದಿದೆಯೆಂದು ಚೀಟಿ ಬರೆದು ಕೊಟ್ಟದ್ದಾಯಿತು, ಹುಡುಗಿ ಆ ಚೀಟಿಯನ್ನು ತಾನೇ ಒಯ್ದು ಟೀಚರ ಕೈಗೆ ಕೊಟ್ಟು ಬಂದಳು. ತಾಯಿಯ ಹತ್ತು ರೊಟ್ಟಿ ಒಂದು ದಿನ. ಮತ್ತು ತಾಯಿಯ ಎರಡು ಕಣ್ಣು ನೂರಾ ಎಂಟು ದಿನ.

ಅದನ್ನೂ ಆಕೆ ಲೆಕ್ಕ ಹಾಕಿದ್ದಳು. ಮುನಸಿಪಾಲಟಿ ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಲ್ಲಿ ಪೊರೆ ಹಣ್ಣಾಗಿದೆ, ಆಪರೇಷನ್ನಿಗೆ ನಾವು ಒಂದು ಪೈಸೆ ತಗೊಳ್ಳುವುದಿಲ್ಲ, ಒಂದೂವರೆ ತಿಂಗಳು ಒಲೆಯ ಮುಂದೆ ಮಾತ್ರ ಕೂಡಿಸಬೇಡಿ ಎಂದಿದ್ದರು. ದುಡ್ಡು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು. ಬಡವರು, ಕೈಯಲ್ಲಿಲ್ಲ ಎಂದು ಎದೆ ಬಡಿದುಕೊಳ್ಳಬಹುದಿತ್ತು. ಅವರು ಕೇಳಿದ್ದು ಒಲೆಯಿಂದ ಬಿಡುವು. ಒಂದೂವರೆ ತಿಂಗಳೆಂದರೆ ಹದಿಮೂರೂವರೆ ಸಾವಿರ, ಅಷ್ಟರೊಳಗೆ ಗಿರಾಕಿಗಳು ಬೇರೆ ಕೈ ಹುಡುಕಿಕೊಂಡಿರುತ್ತಾರೆ, ಅದನ್ನು ಹಿಡಿಯದೆಯೇ ನೂರಾ ಎಂಟು ದಿನ. ದೀಪಾವಳಿ ಆಗಲಿ ಎಂದಳು. ದೀಪಾವಳಿ ಆಯಿತು. ಸಂಕ್ರಾಂತಿಗೆ ರೊಟ್ಟಿ ಹೆಚ್ಚು ಹೋಗುತ್ತವೆ, ಅದೂ ಆಗಲಿ ಎಂದಳು. ದಾನವ್ವ ಒಂದು ದಿನವೂ ಕಾಣುವುದಿಲ್ಲ ಎಂದು ಅನ್ನಲಿಲ್ಲ. ಬದಲಿಗೆ ಕಾಣುವವರ ಹಾಗೆ ನಟಿಸತೊಡಗಿದಳು: ಟಿವಿಯ ಮುಂದೆ ಕೂತು ನಗುವವರ ಜೊತೆ ನಗುವುದು, ಕಿಟಕಿಗೆ ಹೋಗಿ ಮೋಡ ಆಗೈತಿ ಅನ್ನುವುದು. ವೈಶಾಲಿ ಹೌದವ್ವ ಎನ್ನುತ್ತಿದ್ದಳು. ಹೊರಗೆ ಸುಡು ಬಿಸಿಲಿರುತ್ತಿತ್ತು.

ದಾದರಿನ ಪತಪೇಢಿಯಲ್ಲಿ ಆಕೆಯದು ವಸೂಲಿಯ ಟೇಬಲ್ಲು. ಸಹಕಾರಿ ಸಂಘ, ಸಣ್ಣ ಸಣ್ಣ ಸಾಲಗಳು, ಹಪ್ತೆ ತಪ್ಪಿದವರಿಗೆ ಫೋನು ಮಾಡುವುದು. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಆಕೆಯ ದನಿ ಒಂದೇ: ಮೆತ್ತಗೆ, ಬೆಚ್ಚಗೆ, ತಂಗಿಯದೋ ಅಕ್ಕನದೋ ಎನ್ನುವಂಥ ದನಿ. ಏರಿಸುವುದಿಲ್ಲ. ಮೊದಲು ಚಹಾ ಆಯಿತೇ, ಮಕ್ಕಳು ಹೇಗಿದ್ದಾರೆ ಎಂದು ಕೇಳಬೇಕು. ಜನ ಬೈಗುಳಕ್ಕೆ ಸಿದ್ಧವಾಗಿ ಫೋನೆತ್ತುತ್ತಾರೆ, ಪ್ರೀತಿಗೆ ಸಿದ್ಧವಾಗಿರುವುದಿಲ್ಲ. ಇವತ್ತು ಮೂರನೆಯ ಫೋನಿನಲ್ಲಿ ಭಾಂಡುಪಿನ ಒಬ್ಬ ಗಂಡಸು, ತಾಯಿ ತೀರಿಕೊಂಡಳು, ಹತ್ತನೆಯ ದಿನ ಆಗಿಲ್ಲ ಎಂದು ಅಳತೊಡಗಿದ. ವೈಶಾಲಿ ಅರೆ ದೇವಾ ಎಂದಳು. ಎಷ್ಟು ವಯಸ್ಸಾಗಿತ್ತು, ಬಹಳ ನರಳಿದರೇ ಎಂದು ಕೇಳಿದಳು. ಆತ ಅಳುವುದು ಮುಗಿಯುವ ತನಕ ಕಾದು, ಹಾಗಾದರೆ ಹನ್ನೊಂದನೆಯ ದಿನಕ್ಕೆ ಬರೆದುಕೊಳ್ಳಲಾ ದಾದಾ ಎಂದಳು. ಬರೆದುಕೊಳ್ಳಿ ಎಂದ. ಫೋನಿಟ್ಟಾಗ ಎದುರಿನ ಕ್ಯಾಬಿನ್ನಿನಿಂದ ಮ್ಯಾನೇಜರು ಮನೀಶ್ ಹೆಬ್ಬೆರಳೆತ್ತಿ ತೋರಿಸಿದ. ಅದೇ ಮನೀಶ್, ಮೂರೂವರೆಗೆ ಹೊರಡಬೇಕು ಎಂದು ಆಕೆ ಹೋಗಿ ನಿಂತಾಗ ಪರದೆಯಿಂದ ಕಣ್ಣು ಕೀಳದೆ, ನಿಮ್ಮ ಮನೆಯಲ್ಲಿ ಪ್ರತಿ ತಿಂಗಳೂ ಯಾರಾದರೂ ಸಾಯುತ್ತಿರುತ್ತಾರಲ್ಲ ವೈಶಾಲಿಜೀ ಎಂದ. ಉಳಿದವರು ನಕ್ಕರು. ಆಕೆಯೂ ನಕ್ಕಳು. ಅರ್ಧ ದಿನದ ಸಂಬಳ ಕಟ್, ಐನೂರು, ನಾಲ್ಕು ದಿನ. ಹದಿನಾರು ಸಾವಿರದ ಮುಂದೆ ನಾಲ್ಕು ದಿನ ಏನು ಮಹಾ ಎಂದು ಮೆಟ್ಟಿಲು ಇಳಿದಳು.

ಐದೂವರೆಗೆ ಹಾಲಿನ ಪಾಕೀಟು ಹಿಡಿದು ಬಿಲ್ಡಿಂಗಿನೊಳಗೆ ಕಾಲಿಟ್ಟಾಗ ಲಿಫ್ಟು ಬಂದ್ ಆಗಿತ್ತು. ಮೇಲಿನ ಮೆಟ್ಟಿಲುಗಳ ಮೇಲೆ ಯಾರೋ ಒಂದು ಕಾಲು ಎಳೆಯುತ್ತ ಹತ್ತುತ್ತಿದ್ದರು: ಒಂದು ಹೆಜ್ಜೆ, ಒಂದು ಸವರು, ಒಂದು ಹೆಜ್ಜೆ, ಒಂದು ಸವರು. ಬಂಡೆಪ್ಪಮಾಮಾ, ಎಂದುಕೊಂಡಳು ವೈಶಾಲಿ. ತಾಯಿಯ ತಮ್ಮ, ಗೋದಿಯಲ್ಲಿ ಕಾಲಿನ ಮೇಲೆ ಮೂಟೆ ಬಿದ್ದು ಕುಂಟನಾದವನು. ಪ್ರತಿ ಶನಿವಾರ ವಡಾಲದಿಂದ ಎರಡು ಟ್ರೇನು ಬದಲಿಸಿ ಅಕ್ಕನ ರೊಟ್ಟಿಗೆ ಬರುತ್ತಾನೆ, ವೈಶಾಲಿ ಮನೆಗೆ ಬರುವುದರೊಳಗೆ ಹೊರಟುಬಿಡುತ್ತಾನೆ. ಏಕೆಂದರೆ ಒಮ್ಮೆ ಆಕೆ ಆತನನ್ನು ಇದೇ ಮೆಟ್ಟಿಲ ಮೇಲೆ ನಿಲ್ಲಿಸಿ, ಮಾಮಾ, ಬಾಗಿಲಾಗ ನಿಂತು ಜೈಭೀಮ ಅಂತ ಒದರಬ್ಯಾಡ, ಆ ಬಿಲ್ಲಿ ಅಂಗಿಯಿಂದ ತಗದು ಒಳಗ ಬಾ ಎಂದಿದ್ದಳು. ಮಾಮಾ ಎದೆಯ ಮೇಲಿನ ನೀಲಿ ಬಿಲ್ಲೆಯನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡು, ಆತು ಬಿಡವಾ ಎಂದಿದ್ದ. ಇವತ್ತೇ ಬರಬೇಕೇ ಈತ. ಗುರುಬಸವಪ್ಪ ಆರಕ್ಕೆ ಬರುತ್ತಾನೆ. ಮಾಮಾನೊಂದಿಗೆ ತನ್ನನ್ನು ಮೆಟ್ಟಿಲ ಮೇಲೆ ಯಾರಾದರೂ ನೋಡಿದರೂ ಕಷ್ಟ. ಮೊದಲು ಒಳಗೆ ಹೋಗಲಿ, ಆಮೇಲೆ ಹೋಗಿ ಸಾಗಹಾಕಿದರಾಯಿತು ಎಂದು ಎರಡನೆಯ ಮಹಡಿಯ ತಿರುವಿನಲ್ಲಿ ವೈಶಾಲಿ ಉಸಿರು ಹಿಡಿದು ನಿಂತಳು. ಮೇಲೆ ಬಾಗಿಲು ತೆರೆದ ಸದ್ದು. ದಾನವ್ವನ ದನಿ. ಮನೆಯಲ್ಲಿ ಎಂದೂ ಕೇಳದ, ವಡಾಲದ ಖೋಲಿಯಲ್ಲಷ್ಟೇ ಕೇಳಿದ್ದ, ಬಾಯಿ ತುಂಬ ನಗುವಿದ್ದ ದನಿ.

"ಬಂದೇನೋ ಬಂಡ್ಯಾ? ಜೈಭೀಮಪಾ. ಬಾ ಒಳಗ, ಅಕಿ ಇನ್ನಾ ಬಂದಿಲ್ಲ. ತಡಿ, ಈ ಬೂದಿ ಒರಸ್ಕೋತೀನಿ ಮೊದಲ. ಮುಂಜಾನಿಂದ ಹಣಿ ಕಡಿಯಾಕತ್ತೈತಿ."

ಉತ್ತರವಿಲ್ಲ. ಮಾಮಾ ಸುಮ್ಮನಿರುವವನಲ್ಲವಲ್ಲ ಎಂದು ವೈಶಾಲಿಗೆ ಅನ್ನಿಸಿದ ಹೊತ್ತಿಗೇ ದಾನವ್ವ ಮುಂದುವರಿದಿದ್ದಳು. ಆ ಗುರುಬಸವಪ್ಪಂದು ಎರಡು ಸಾವಿರ ರೊಟ್ಟಿ ಬಡಿಯುವುದಿದೆ, ಬಡಿಯುತ್ತೇನೆ ಬಿಡು, ನಮ್ಮ ಕೈಯೇ ಬೀಳಲಿ ಅವರ ಮದುವೆಯ ತಾಟಿನೊಳಗೆ ಎಂದು ನಗುತ್ತಿದ್ದಳು. ವೈಶಾಲಿ ಮೆಟ್ಟಿಲು ಹಾರಿಕೊಂಡು ತಿರುವು ದಾಟಿದಳು. ಮೊದಲು ಕಂಡದ್ದು ಬೂಟು. ಪಾಲಿಶ್ ಮಾಡಿದ ಕರಿ ಬೂಟು, ಇಸ್ತ್ರಿಯ ಪ್ಯಾಂಟು, ಒಂದು ಮೊಣಕಾಲನ್ನು ಹಿಡಿದುಕೊಂಡ ಉಂಗುರದ ಕೈ. ಇನ್ನೊಂದು ಕೈಯಲ್ಲಿದ್ದ ಸ್ಟೀಲಿನ ಡಬ್ಬಿಯನ್ನು ದಾನವ್ವ ಆಗಲೇ ಕಸಿದುಕೊಂಡು ಕಂಕುಳಿಗಿಟ್ಟುಕೊಂಡಿದ್ದಳು, ಆ ಮಣಿಕಟ್ಟನ್ನು ಹಿಡಿದು ಒಳಗೆ ಎಳೆಯುತ್ತಿದ್ದಳು. ಹಣೆಯ ಅರ್ಧ ವಿಭೂತಿ ಸೆರಗಿಗೆ ಬಂದಿತ್ತು. ಗುರುಬಸವಪ್ಪ ತನ್ನ ಮಣಿಕಟ್ಟನ್ನು ನೋಡುತ್ತಿದ್ದ. ಒಳಗೆ, ಪುಸ್ತಕ ಹಿಡಿದು ಎದ್ದು ನಿಂತಿದ್ದ ಶೀತಲ.

ಆತ ಕೈ ಕೊಸರಲಿಲ್ಲ. ದಾನವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಮುರಿಯಬಾರದ ವಸ್ತುವನ್ನು ಬಿಡಿಸುವ ಹಾಗೆ. ಆಮೇಲೆ ವೈಶಾಲಿಯ ಕಡೆ ತಿರುಗಿ, ಸಂಜೆ ಅಂಗಡಿಗೆ ಮಂದಿ ಹೆಚ್ಚು ಅಂತ ಅರ್ಧ ತಾಸು ಮೊದಲೇ ಬಂದೆ, ಲಿಫ್ಟು ಬೇರೆ ಬಂದ್, ಮೊಣಕಾಲು ಹಿಡಿದುಬಿಟ್ಟಿವೆ ಎಂದ. ಆತನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅದನ್ನು ಹಿಡಿದುಕೊಂಡು ಏನಾದರೂ ಮಾಡಬಹುದಿತ್ತು.

"ಖರೇ ಹೇಳಿದ್ರ ಬ್ಯಾಡ ಅಂತಿದ್ವೇನ್ರೀ ತಂಗಿ ನಾವು?" ಎಂದ ಗುರುಬಸವಪ್ಪ. "ನನಗೇನೂ ಇಲ್ಲ. ನಾ ಇದ ಊರಾಗ ಹುಟ್ಟಿ ಬೆಳದಾಂವ. ಮನ್ಯಾಗ ಹಿರ್ಯಾರ ಅದಾರ. ಲಗ್ನದ ಕೆಲಸ. ಸದ್ಯಕ್ಕ ಇರಲಿ."

ಹಾಗಾದರೆ ಈಗ ಖರೇ ಗೊತ್ತಾಯಿತಲ್ಲ, ಈಗ ಒಯ್ಯಿರಿ, ಎಂದು ಅನ್ನಬೇಕಾಗಿತ್ತು. ಅಪ್ಪ ಇದ್ದಿದ್ದರೆ ಅನ್ನುತ್ತಿದ್ದ. ಅಪ್ಪ ಅಂದು, ಬಾಗಿಲು ಬಡಿದು, ರಾತ್ರಿ ಉಪವಾಸ ಮಲಗುತ್ತಿದ್ದ, ಬೆಳಿಗ್ಗೆ ಎದ್ದು ಎದೆಯುಬ್ಬಿಸಿ ನಡೆಯುತ್ತಿದ್ದ. ಅಪ್ಪನಿಗೆ ಇಪ್ಪತ್ತಾರು ಸಾವಿರದ ಎಂಟುನೂರರ ಹಪ್ತೆ ಇರಲಿಲ್ಲ. ವೈಶಾಲಿಯ ಬಾಯಿಂದ ಬಂದದ್ದು ಆ ದನಿ, ಪತಪೇಢಿಯ ಟೇಬಲ್ಲಿನ ಬೆಚ್ಚಗಿನ ದನಿ.

"ಅಡ್ವಾನ್ಸ್ ಬ್ಯಾಡ್ರೀ ಅಣ್ಣಾರ. ಒಂದಕ್ಕ ಹತ್ತರಂಗ ಮಾಡಿಕೊಡ್ತೀನಿ. ಯಾರ್ ಮಾಡಿದ್ದು ಅಂತ ನೀವು ಹೇಳೂದ ಬ್ಯಾಡ."

ಆಗ ಆತನ ಮುಖದಲ್ಲಿ ಏನೋ ಆಯಿತು. ಅಸಹ್ಯವಲ್ಲ, ಕನಿಕರವೂ ಅಲ್ಲ. ಅಂಗಡಿಯಲ್ಲಿ ಗಿರಾಕಿ ತನಗಿಂತ ಮೊದಲೇ ಸೋತಾಗ ವ್ಯಾಪಾರಿಯ ಮುಖದಲ್ಲಿ ಬರುವ ನಾಚಿಕೆ. ಹೋದ ವಾರದ ಅರವತ್ತು ರೊಟ್ಟಿಯ ದುಡ್ಡು ಎಂದು ಏಳುನೂರ ಇಪ್ಪತ್ತು ಎಣಿಸಿ, ಆಕೆ ಚಾಚಿದ ಕೈಗೆ ಕೊಡದೆ, ಚಪ್ಪಲಿಯ ಸ್ಟ್ಯಾಂಡಿನ ಮೇಲಿಟ್ಟ. ಶೀತಲ ಓಡಿ ಬಂದು ಅಜ್ಜಿಯ ಕಂಕುಳಿನಿಂದ ಡಬ್ಬಿ ಬಿಡಿಸಿ ಆತನ ಮುಂದೆ ಹಿಡಿದಳು. ಅದರೊಳಗೆ ಆತನ ಹೆಂಡತಿ ದಾನವ್ವನಿಗೆಂದು ಕಳಿಸಿದ್ದ ಹೋಳಿಗೆ ಇತ್ತು. ಖಾಲಿ ಮಾಡಿ ಕೊಡುತ್ತೇನೆ ಅಂಕಲ್ ಎಂದಳು. ಆತ ಬೇಡ ಎಂಬಂತೆ ಅಂಗೈ ಅಡ್ಡ ಹಿಡಿದ. ಡಬ್ಬಿ ನಿಮ್ಮ ಕಡೆಗೇ ಇರಲಿ. ಒಂದು ಹೆಜ್ಜೆ, ಒಂದು ಸವರು, ಆತ ಇಳಿದು ಹೋದ. ದಾನವ್ವ ಮಾತ್ರ ಎಳೆಯುತ್ತಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು, ಸದ್ದು ಹೋದ ಕಡೆಗೆ ಮುಖ ಮಾಡಿ ನಿಂತಿದ್ದಳು. ಬಂಡ್ಯಾ ಅಲ್ಲೇನು, ಎಂದಳು.

ಯಾರೂ ಬೈಯಲಿಲ್ಲ. ಎಂಟು ಗಂಟೆಯೊಳಗೆ ರೊಟ್ಟಿಯ ವಾಟ್ಸಪ್ ಗುಂಪಿನಲ್ಲಿ ಒಬ್ಬೊಬ್ಬರಾಗಿ ಬರೆದರು. ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಒಬ್ಬರು ಊರಿಗೆ ಹೋಗುವವರಿದ್ದರು, ಒಬ್ಬರ ಅತ್ತೆಯೇ ಮನೆಯಲ್ಲಿ ಬಡಿಯಲು ಶುರು ಮಾಡಿದ್ದರು. ಪ್ರತಿಯೊಂದರ ಕೊನೆಗೂ ಎರಡು ಕೈ ಜೋಡಿಸಿದ ಚಿತ್ರ. ವೈಶಾಲಿ ಪ್ರತಿಯೊಂದಕ್ಕೂ ಅದೇ ಚಿತ್ರ ಕಳಿಸಿದಳು. ಕಳೆಯುತ್ತ ಹೋದಳು: ಹತ್ತು ರೊಟ್ಟಿ, ಒಂದು ದಿನ, ಮೂವತ್ತು ರೊಟ್ಟಿ, ಮೂರು ದಿನ. ಇಪ್ಪತ್ತು ಮನೆಗಳಲ್ಲಿ ಉಳಿದದ್ದು ನಾಲ್ಕು, ಅವರಿನ್ನೂ ಫೋನು ನೋಡಿರಲಿಕ್ಕಿಲ್ಲ. ಮೂಲೆಯಲ್ಲಿ ದಾನವ್ವ ಗೋಡೆಗೆ ಒರಗಿ, ಹಣೆಯ ಉಳಿದರ್ಧ ಬೂದಿಯನ್ನು ಒರೆಸಿಕೊಳ್ಳಲೂ ಅಂಜಿ ಕೂತಿದ್ದಳು. ಶೀತಲ ತಾಯಿಯ ಪಕ್ಕಕ್ಕೆ ಬಂದು, ಅಜ್ಜಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು. ಹತ್ತನೆಯ ತರಗತಿಯ ಹುಡುಗಿ. ಕನ್ನಡ ಆಕೆಯ ಬಾಯಲ್ಲಿ ಎರವಲು ತಂದ ಚಪ್ಪಲಿಯ ಹಾಗೆ ಜಾರುತ್ತದೆ.

"ಮಮ್ಮಿ, ಅಬ್ ತೋ ಅಜ್ಜಿ ಫ್ರೀ ಇದಾಳೆ ನಾ. ಆಪರೇಷನ್ ಮಾಡಿಸೋಣ. ಅವಳಿಗೆ ದಿಖತಾ ನಹೀ. ಡೈಲಿ ಕ್ಯಾಲೆಂಡರ್‌ಗೆ ನಮಸ್ಕಾರ್ ಮಾಡ್ತಾಳೆ. ನೀನೂ ನೋಡ್ತೀಯ."

ನಿಜವಾಗಿತ್ತು. ಕಾಯಲು ಇನ್ನು ಕಾರಣವೇ ಉಳಿದಿರಲಿಲ್ಲ. ಸೋಮವಾರವೇ ಕರೆದೊಯ್ಯಬಹುದು, ಒಂದು ಲಕ್ಷ ಮೂವತ್ತನಾಲ್ಕು ಸಾವಿರ ಇದೆ, ರೊಟ್ಟಿಯಿಲ್ಲದೆ ವರ್ಷವೇ ನೂಕಬಹುದು. ಆದರೆ ಮಗಳ ಬಾಯಿಂದ ಬಂದ ಆ ನೀನೂ ಎಂಬುದು ವೈಶಾಲಿಯ ಮುಖಕ್ಕೆ ಕಾದ ಹೆಂಚಿನ ಹಾಗೆ ಬಡಿಯಿತು. ಈ ಹುಡುಗಿ ನೋಡಿದ್ದಾಳೆ. ಒಂಬತ್ತು ತಿಂಗಳು ದಿನವೂ ಅಜ್ಜಿಯನ್ನೂ ನೋಡಿದ್ದಾಳೆ, ಅಜ್ಜಿಯನ್ನು ನೋಡುತ್ತ ಸುಮ್ಮನಿದ್ದ ತಾಯಿಯನ್ನೂ ನೋಡಿದ್ದಾಳೆ. ವೈಶಾಲಿ ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಊಟ ಆಯಿತೇ ಎಂದು ಕೇಳಿದಳು. ಆಮೇಲೆ ಮೆತ್ತಗೆ, ಮಾಡಸೂಣ, ಹಂಗಾದ್ರ ನಿನ್ನ ಗಣಿತದ ಕ್ಲಾಸು ಇವತ್ತಿಗೆ ಬಂದ್, ಅದರ ಫೀಜು ಅಜ್ಜಿಯ ರೊಟ್ಟಿಯಿಂದನೇ ಹೋಗ್ತಿತ್ತು, ಯಾವುದು ಬೇಕು ನೀನೇ ಹೇಳು, ಎಂದಳು. ಅದು ಸುಳ್ಳು, ಕ್ಲಾ‌ಸಿನ ಫೀಜು ವರ್ಷದ್ದು ಕಟ್ಟಿ ಆಗಿತ್ತು. ಶೀತಲ ತಾಯಿಯನ್ನು ನೋಡಿದಳು, ಮೂಲೆಯಲ್ಲಿದ್ದ ಅಜ್ಜಿಯನ್ನು ನೋಡಿದಳು. ಪಕ್ಕದ ಮನೆಯ ಕುಕ್ಕರು ಮೂರು ಸಲ ಕೂಗುವ ತನಕ ನಿಂತಿದ್ದಳು. ಆಮೇಲೆ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಲೆಕ್ಕ ಹಾಕುವುದನ್ನು ಕಲಿತಳು, ಎಂದುಕೊಂಡಳು ವೈಶಾಲಿ.

ಬೆಳಿಗ್ಗೆ ಐದಕ್ಕೆ ದಾನವ್ವ ಅಭ್ಯಾಸದಂತೆ ಎದ್ದು, ಹಿಟ್ಟು ಎಷ್ಟು ತಗೊಳ್ಳಲಿ ಎಂದು ಕೇಳಿ, ಯಾರೂ ಉತ್ತರ ಕೊಡದ್ದಕ್ಕೆ ಹಿಟ್ಟು ನಾದುವ ಪರಾತದ ಮುಂದೆ ಕೂತಳು. ರಾತ್ರಿಯೆಲ್ಲ ವೈಶಾಲಿ ಒಂದೇ ವಿಷಯವನ್ನು ಮಗುಚಿ ಹಾಕಿದ್ದಳು. ಮೀರಾರೋಡಿನ ಕಡೆ ಫೋನಿನ ಮೇಲೇ ಆರ್ಡರು ಹಿಡಿದರೆ ಗಿರಾಕಿ ಬಾಗಿಲಿಗೆ ಬರುವುದಿಲ್ಲ, ಗೋಡೆ ನೋಡುವುದಿಲ್ಲ, ಹಣೆ ನೋಡುವುದಿಲ್ಲ, ರೊಟ್ಟಿ ನಿಲ್ಲಿಸಬೇಕಾಗಿಲ್ಲ. ಇದ್ದ ದುಡ್ಡನ್ನು ಇವತ್ತೇ ಸಾಲಕ್ಕೆ ತುಂಬಿಬಿಡಬಹುದು. ಅಡ್ಡ ಇದ್ದದ್ದು ಒಂದೇ. ತಾಯಿ ಕುರುಡಿಯಾಗಿದ್ದರಿಂದ ನಿನ್ನೆಯದು ನಡೆದಿದ್ದರೆ ಅದನ್ನು ನಡೆಸಿದವಳು ವೈಶಾಲಿ. ಕಂಡೂ ಅಂದಿದ್ದರೆ, ತಾಯಿ. ಆಕೆ ಚಹಾದ ಬಟ್ಟಲನ್ನು ತಾಯಿಯ ಎರಡೂ ಕೈಗಳ ನಡುವೆ ಇಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಬಿಸಿ ಇದೆಯೇ, ಸಕ್ಕರೆ ಸಾಕೇ ಎಂದು ಕೇಳಿದಳು. ರಾತ್ರಿ ನಿದ್ದೆ ಬಂತೇ ಎಂದು ಕೇಳಿದಳು. ದಾನವ್ವ ಆ ದನಿಗೆ ಕಿವಿ ನೆಟ್ಟಗೆ ಮಾಡಿದಳು. ಮಗಳು ತನ್ನೊಂದಿಗೆ ಎಂದೂ ಆ ದನಿಯಲ್ಲಿ ಮಾತಾಡಿರಲಿಲ್ಲ.

"ಯವ್ವಾ, ಒಂದ ಮಾತ ಕೇಳ್ತೀನಿ. ನಿನ್ನೆ ಆತ ಬಂದಾಗ, ಯಾರಂತ ನಿನಗ ಕಾಣಲಿಲ್ಲೇನು?"

ದಾನವ್ವ ಬಟ್ಟಲನ್ನು ಕೆಳಗಿಟ್ಟಳು. ನೆಲ ಇನ್ನೂ ಎರಡು ಬೆರಳು ಕೆಳಗಿತ್ತು, ಚಹಾ ಚೆಲ್ಲಿತು. ಅದು ಚೆಲ್ಲಿಲ್ಲವೆಂಬಂತೆ ಆಕೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಕಾಣಲಿಲ್ಲ ಅಂದರೆ ಮಗಳಿಗೆ ಏನಾಗುತ್ತದೆಂದು ಆಕೆಗೆ ಗೊತ್ತಿತ್ತೋ, ಕಂಡೆ ಅಂದರೆ ತನಗೆ ಏನು ಸಿಗುತ್ತದೆಂದು ಗೊತ್ತಿತ್ತೋ. ಮುಖ ಮಾತ್ರ ವರ್ಷದಿಂದ ಇಲ್ಲದ ಒಂದು ಗಟ್ಟಿತನಕ್ಕೆ ಬಂತು.

"ಕಣ್ಣು ಕಾಣತಾವ ನನಗ. ಗುರುಬಸವಪ್ಪನ ಮಾರಿ ನಾ ನೋಡಿಲ್ಲೇನು? ಕಂಡ ಅಂದೀನಿ. ವರ್ಷಾತು ಈ ಬೂದಿ ಹೊತಗೊಂಡ. ಒಮ್ಮಿಯಾದ್ರೂ ಅನ್ನಬೇಕಾಗಿತ್ತು, ಅಂದೆ. ನಿನ್ನ ತಪ್ಪಿಲ್ಲ ಇದರಾಗ."

ಕೊನೆಯ ಮಾತನ್ನು ಆಕೆ ಹೇಳಿದ್ದು ಪರಾತದ ಪಕ್ಕದ ನೀರಿನ ಕೊಡಕ್ಕೆ. ವೈಶಾಲಿ ಕೊಡದ ಆಚೆ ಬದಿಯಲ್ಲಿದ್ದಳು. ಬಾಗಿಲಲ್ಲಿ ಶೀತಲ ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲೇ ನಿಲ್ಲಿಸಿ ನಿಂತಿದ್ದಳು. ವೈಶಾಲಿ ಒರೆಸುವ ಬಟ್ಟೆ ತಂದು ಚಹಾ ಒರೆಸಿದಳು. ಕಾಣುತ್ತವೆ ಅಂದರೆ ಆಯಿತಲ್ಲವ್ವ, ಆಪರೇಷನ್ನಿಗೆ ಗಡಿಬಿಡಿ ಇಲ್ಲ ಹಾಗಾದರೆ, ಮಳೆಗಾಲ ಆಗಲಿ ಎಂದಳು. ದಾನವ್ವ ಆಗಲೇಳು ಎಂದಳು. ವೈಶಾಲಿ ಫೋನಿನಲ್ಲಿ ಸಾಲದ ಖಾತೆ ತೆರೆದು, ಒಂದು, ಮೂರು, ನಾಲ್ಕು, ಮೂರು ಸೊನ್ನೆ ಒತ್ತಿದಳು. ಒಂದು ಸುತ್ತು ತಿರುಗಿ ಹಸಿರು ಗುರುತು ಮೂಡಿತು. ತಾಯಿ ಹಾಗೆ ಅಂದಳು, ಆಕೆಯೇ ಅಂದಳು, ಎಂದು ಯಾರಿಗೋ ಹೇಳುವಂತೆ ತುಟಿ ಅಲುಗಿತು.

ದಾನವ್ವ ಎದ್ದಳು. ಮೋರಿಯಲ್ಲಿ ಮುಖ ತೊಳೆದು, ಹಣೆಯನ್ನು ಚರ್ಮ ಕೆಂಪಾಗುವ ತನಕ ತಿಕ್ಕಿ, ಸೆರಗಿನಿಂದ ಒರೆಸಿಕೊಂಡಳು. ಇವತ್ತು ಆಕೆ ಗೋಡೆ ಸವರಲಿಲ್ಲ. ತಲೆಯೆತ್ತಿ, ಕಾಣುವವರ ನಡಿಗೆಯಲ್ಲಿ ಮೂರು ಹೆಜ್ಜೆ ನಡೆದು ಮೊಳೆಯ ಮುಂದೆ ನಿಂತಳು. ಎರಡೂ ಕೈ ಜೋಡಿಸಿ, ಬಾಯಿಬಿಟ್ಟು, ಮನೆಯೆಲ್ಲ ಕೇಳುವಂತೆ ಜೈಭೀಮ ಎಂದಳು. ಹುಲ್ಲಿನ ಮೇಲಿನ ಸಂಸಾರ ಹಲ್ಲು ಬಿಟ್ಟುಕೊಂಡು ಕೇಳಿಸಿಕೊಂಡಿತು. ಶೀತಲ ತಾಯಿಯನ್ನು ನೋಡಲಿಲ್ಲ, ಕಪಾಟಿನ ಕಡೆ ನೋಡಿದಳು, ಆಮೇಲೆ ಬ್ರಶ್ಶು ಆಡಿಸತೊಡಗಿದಳು.

ಕ್ಯಾಲೆಂಡರಿನ ಮುಂದೆ ಕೈ ಮುಗಿದುಕೊಂಡೇ ನಿಂತಿದ್ದ ದಾನವ್ವ ಏನೋ ನೆನಪಾದವಳಂತೆ ಕೇಳಿದಳು.

"ಇವತ್ತ ತಾರೀಖು ಎಷ್ಟವಾ?"

ವೈಶಾಲಿಯ ಕೈಯಲ್ಲಿದ್ದ ಫೋನು ಕುಂಯ್ ಎಂದಿತು. ಈ ತಿಂಗಳ ಹಪ್ತೆ ಹೋದ ಸಂದೇಶ.

"ಐದು," ಎಂದಳು.